ಎರಡು ಕ್ವಿಂಟಲ್ ಬೈಕು, ಐದು ತಾಲ್ಲೂಕಿನ ದಾರಿ

ದೀಪಾವಳಿಗೆ ಇನ್ನೂ ಹದಿನೈದು ದಿನವಿತ್ತು. ಬೆಂಗಳೂರಿನಿಂದ ಮೊಮ್ಮಗಳ ಫೋನು ಬಂತು.

“ಅಜ್ಜ, ಎಪ್ಪತ್ತೈದು ಸಾವಿರ ಕಡಿಮೆ ಬೀಳ್ತಾ ಐತೆ. ಕೊಡ್ತೀಯಾ? ಬೈಕ್ ತಗೋಬೇಕು.”

“ಸ್ಕೂಟರ್ ಐತಲ್ಲವ್ವಾ?”

“ಸ್ಕೂಟರ್ ಆಫೀಸಿಗೆ ಸಾಕು. ನಾನು ಲಡಾಖಿಗೆ ಹೋಗಬೇಕು. ಅಡ್ವೆಂಚರ್ ಬೈಕೇ ಬೇಕು.”

ಅಡುಗೆ ಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ನಮ್ಮ ಮನೆಯಾಕೆಗೆ ಕಿವಿ ಸ್ವಲ್ಪ ಮಂದ. ಆದರೆ ಇಂಥ ಮಾತು ಮಾತ್ರ ಗೋಡೆಯಾಚೆಗೂ ಕೇಳುತ್ತದೆ. “ಹೆಣ್ಣುಹುಡುಗಿ ಒಬ್ಬಳೇ ಲಡಾಖಿಗಾ? ನೀವೇನಾದರೂ ರೊಕ್ಕ ಕೊಟ್ಟರೆ ನೋಡ್ರಿ!” ಎಂದು ಅಲ್ಲಿಂದಲೇ ತೀರ್ಪು ಬಂತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾರಾದರೂ ಹಣ ಕೇಳಿದರೆ ಕೂಡಲೇ ‘ಹೂಂ’ ಎನ್ನುವ ಅಭ್ಯಾಸವೂ ಇಲ್ಲ, ‘ಊಹೂಂ’ ಎನ್ನುವ ಅಭ್ಯಾಸವೂ ಇಲ್ಲ. ಬೋರ್‌ವೆಲ್ ಸಾಲಕ್ಕೆ ಅರ್ಜಿ ಬಂದರೆ ಮೊದಲು ಹೊಲ ನೋಡಿ ಬರುವುದು ನಮ್ಮ ಕಾಲದ ನಿಯಮ. ಅದನ್ನೇ ಮೊಮ್ಮಗಳಿಗೂ ಹೇಳಿದೆ. “ಸ್ಥಳ ಪರಿಶೀಲನೆ ಆಗಲಿ. ಲಡಾಖಿಗೆ ಮೊದಲು ನಮ್ಮ ಐದು ತಾಲ್ಲೂಕು ಸುತ್ತು. ಯಾವ ಗಾಡಿ ನಿನಗೆ ಹೊಂದುತ್ತದೋ ಇಲ್ಲಿಯ ದಾರಿಗಳೇ ಹೇಳುತ್ತವೆ. ಹಿಂದಿನ ಸೀಟಿನಲ್ಲಿ ನಾನೂ ಬರುತ್ತೇನೆ.”

ಐದು ತಾಲ್ಲೂಕು ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆಯ ಜೊತೆಗೆ ಸೇರಿದ ತಾಲ್ಲೂಕುಗಳು ಇವು. ಹಂಪಿ ನೋಡಲು ಬಂದವರು ಹೊಸಪೇಟೆಯಿಂದಲೇ ಹಿಂದಿರುಗುತ್ತಾರೆ. ಈ ಕಡೆಗೆ ಬರುವವರು ಕಡಿಮೆ.

ಅಡ್ವೆಂಚರ್ ಬೈಕು ಎಂದರೇನು ಎಂದು ನಾನೂ ಸ್ವಲ್ಪ ಓದಿಕೊಂಡೆ. ಡಾಂಬರು ರಸ್ತೆಯಲ್ಲಿ ದಿನವಿಡೀ ಓಡಬೇಕು, ಡಾಂಬರು ಮುಗಿದ ಮೇಲೂ ನಿಲ್ಲಬಾರದು, ಅಂಥ ಗಾಡಿ. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1980ರಲ್ಲಿ ‘ಆರ್ 80 ಜಿ/ಎಸ್’ ಎಂಬ ಮೋಟಾರ್ ಸೈಕಲ್ ತಂದಿತು. ಆ ಎರಡು ಅಕ್ಷರಗಳು ಜರ್ಮನ್ ಭಾಷೆಯಲ್ಲಿ ‘ಕಚ್ಚಾ ನೆಲ, ರಸ್ತೆ’ ಎಂಬುದನ್ನು ಸೂಚಿಸುತ್ತವೆ. ಮರುವರ್ಷವೇ ಆ ಗಾಡಿ ಪ್ಯಾರಿಸ್–ಡಕಾರ್ ರ್‍ಯಾಲಿ ಗೆದ್ದಿತು. ಅದೇ ಡಕಾರ್ ರ್‍ಯಾಲಿಯಲ್ಲಿ 2015ರಲ್ಲಿ ಓಡಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನವರೇ. ಈ ಕೊನೆಯ ಸಂಗತಿಯನ್ನು ನಮ್ಮ ಮನೆಯಾಕೆಗೆ ಎರಡು ಸಲ ಓದಿ ಹೇಳಿದೆ. “ಅವರ ಅಜ್ಜಿ ಏನಂದಳೋ ಪಾಪ” ಎಂದಳು.

ಹಬ್ಬಕ್ಕೆ ಎರಡು ಗಾಡಿಗಳು ಚಿತ್ರದುರ್ಗದ ಮೇಲೆ ಕೂಡ್ಲಿಗಿಗೆ ಬಂದವು. ಮೊಮ್ಮಗನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ಮೊಮ್ಮಗಳು ತನ್ನ ಆಫೀಸಿನ ಗೆಳತಿಯಿಂದ ಹೀರೋ ಎಕ್ಸ್‌ಪಲ್ಸ್ 200 ಕೇಳಿ ತಂದಿದ್ದಳು. ಅಣ್ಣನಂತೆ ದೊಡ್ಡದನ್ನೇ ಕೊಳ್ಳಬೇಕೆಂದು ಅವಳ ಮನಸ್ಸು. ಚಿಕ್ಕದನ್ನು ತಂದದ್ದು ಹೋಲಿಸಿ ನೋಡಲು ಮಾತ್ರ.

ನಾನು ಹಳೆಯ ಲೆಡ್ಜರ್ ಪುಸ್ತಕದಲ್ಲಿ ಎರಡು ಕಾಲಂ ಎಳೆದೆ. ದೊಡ್ಡದರ ಎಂಜಿನ್ 452 ಸಿಸಿ, ಚಿಕ್ಕದರದು 200 ಸಿಸಿಗೆ ಒಂದಿಷ್ಟೇ ಕಡಿಮೆ. ದೊಡ್ಡದರ ಟ್ಯಾಂಕಿಗೆ 17 ಲೀಟರ್ ಪೆಟ್ರೋಲ್, ಚಿಕ್ಕದಕ್ಕೆ 13. ಇಬ್ಬರ ಸೀಟಿನ ಎತ್ತರವೂ 825 ಮಿಲಿಮೀಟರ್, ನಮ್ಮ ಅಡುಗೆ ಕಟ್ಟೆಗಿಂತ ತುಸು ತಗ್ಗು. ತೂಕ ಮಾತ್ರ ದೊಡ್ಡದು 196 ಕಿಲೋ, ಚಿಕ್ಕದು 160ರ ಆಸುಪಾಸು. ಮೊಮ್ಮಗಳ ಎತ್ತರ ಐದಡಿ ಎರಡಿಂಚು. ಎರಡರ ಮೇಲೆ ಕುಳಿತರೂ ಅವಳ ಪಾದದ ತುದಿ ಮಾತ್ರ ನೆಲ ಮುಟ್ಟುತ್ತದೆ. ಆ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದೆ. “ಅದ್ಯಾಕಜ್ಜ?” ಎಂದಳು. “ಆಮೇಲೆ ಹೇಳ್ತೀನಿ” ಎಂದೆ.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಆರಕ್ಕೆ, ಗಾಂಧೀಜಿಯವರ ಚಿತಾಭಸ್ಮವಿರುವ ನಮ್ಮೂರ ಸ್ಮಾರಕಕ್ಕೆ ಕೈಮುಗಿದು ಹೊರಟೆವು. ಮೂವರ ತಲೆಗೂ ಹೆಲ್ಮೆಟ್. ಎಪ್ಪತ್ತು ದಾಟಿದ ನನ್ನನ್ನು ಹೆಲ್ಮೆಟ್‌ನಲ್ಲಿ ನೋಡಿ ಹಾಲಿನವನು ನಕ್ಕ.

ಮೊದಲು ಪೂರ್ವಕ್ಕೆ, ಗುಡೇಕೋಟೆ ಕಡೆಗೆ. ಯಾರೋ ಜೋಡಿಸಿಟ್ಟಂತೆ ಒಂದರ ಮೇಲೊಂದು ಕುಳಿತ ಬಂಡೆಗಳು, ಪಾಳೆಯಗಾರರ ಕೋಟೆ, ಕರಡಿಗಳು. ಒನಕೆ ಓಬವ್ವನ ತವರು ಇದೇ ಎಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳುತ್ತಾರೆ. 2013ರಲ್ಲಿ ಇಲ್ಲಿ ಕರಡಿಧಾಮ ಆಯಿತು. ಅದರೊಳಗೆ ಬೈಕು ನುಗ್ಗಿಸುವುದು ಸಾಹಸವಲ್ಲ, ತಪ್ಪು. ನಾವು ಹೊರಗೆ, ಹೊಲಗಳ ನಡುವಿನ ಬಂಡಿ ಜಾಡು ಹಿಡಿದೆವು. ಕೆಂಪು ಮಸಾರಿ ನೆಲ, ಮುಷ್ಟಿ ಗಾತ್ರದ ಕಲ್ಲು. ನಾನು ಇಳಿದು ನಡೆದೆ.

“ಅಜ್ಜ, ಮುಂದಿನ ಚಕ್ರ ಯಾಕೆ ಇಷ್ಟು ದೊಡ್ಡದು ಗೊತ್ತಾ? 21 ಇಂಚು” ಎಂದ ಮೊಮ್ಮಗ.

“ಎತ್ತಿನ ಬಂಡಿಯ ಗಾಲಿ ಯಾಕೆ ದೊಡ್ಡದಿತ್ತೋ ಅದಕ್ಕೇ” ಎಂದೆ. ಸ್ಕೂಟರಿನ ಸಣ್ಣ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತದೆ. ದೊಡ್ಡ ಚಕ್ರ ಅದೇ ಗುಂಡಿಯ ಬಾಯಿಯನ್ನು ದಾಟಿ ಹೋಗುತ್ತದೆ, ಕಲ್ಲನ್ನು ಹತ್ತಿ ಇಳಿಯುತ್ತದೆ. ಇನ್ನೊಂದು, ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ. ಈ ಗಾಡಿಗಳಲ್ಲಿ ಅದು 220ರಿಂದ 230 ಮಿಲಿಮೀಟರ್, ಸುಮಾರು ಒಂದು ಗೇಣು. ಅದಿಲ್ಲದಿದ್ದರೆ ಎಂಜಿನ್ ಕಲ್ಲಿಗೆ ಬಡಿಯುತ್ತದೆ. ಇಬ್ಬರೂ ಸೀಟಿನಿಂದ ಎದ್ದು, ಮೊಣಕಾಲು ತುಸು ಬಾಗಿಸಿ, ನಿಂತುಕೊಂಡೇ ಓಡಿಸಿದರು. ಹಾಗೆ ನಿಂತರೆ ಮೊಣಕಾಲೇ ಶಾಕ್ ಅಬ್ಸಾರ್ಬರ್. ಕೂಡ್ಲಿಗಿಯ ಪರೀಕ್ಷೆಯಲ್ಲಿ ಎರಡೂ ಗಾಡಿ ಪಾಸು.

ಕೊಟ್ಟೂರು ತಲುಪಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಗುರು ಕೊಟ್ಟೂರೇಶ್ವರನ ದರ್ಶನ ಮಾಡಿ, ಮಂಡಕ್ಕಿ ಮಿರ್ಚಿ ತಿಂದೆವು. ಇಲ್ಲಿಯ ತೇರಿಗೆ ದಾವಣಗೆರೆ ಮತ್ತಿತರ ಕಡೆಗಳಿಂದ ಸಾವಿರಾರು ಜನ ನಡೆದೇ ಬರುತ್ತಾರೆ. ಹೆಗಲಿಗೊಂದು ಚೀಲ, ಅದರಲ್ಲಿ ರೊಟ್ಟಿ, ಚಟ್ನಿಪುಡಿ, ಹೊದಿಕೆ. ಅಷ್ಟೇ ಅವರ ಸಾಮಾನು. ನಮ್ಮ ದೊಡ್ಡ ಗಾಡಿಗೋ ಎರಡು ಪಕ್ಕಕ್ಕೆ ಎರಡು ಪೆಟ್ಟಿಗೆ, ಹಿಂದೆ ಒಂದು ಮೂಟೆ. ಎರಡು ದಿನದ ಪ್ರಯಾಣಕ್ಕೆ ಮೊಮ್ಮಗ ನಾಲ್ಕು ಪ್ಯಾಂಟು ತಂದಿದ್ದ!

ಪರಿಚಯದ ಅಂಗಡಿಯಲ್ಲಿ ಒಂದು ಪೆಟ್ಟಿಗೆ, ಮೂಟೆ ಇಳಿಸಿ ಮುಂದೆ ಹೊರಟೆವು. “ಅಣ್ಣಾ, ಗಾಡಿ ಈಗ ಮಾತು ಕೇಳುತ್ತೆ” ಎಂದು ಮೊಮ್ಮಗನೇ ಒಪ್ಪಿಕೊಂಡ ಅಂಗಡಿಯವನ ಮುಂದೆ. ಸಾಮಾನು ಎಷ್ಟಿದ್ದರೂ ತಗ್ಗಿನಲ್ಲಿ, ಸವಾರನ ಹತ್ತಿರ ಕಟ್ಟಬೇಕು. ಎತ್ತರಕ್ಕೆ, ಹಿಂದಕ್ಕೆ ಕಟ್ಟಿದ ಭಾರ ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ. ಹೊಸ ಗಾಡಿ ನೋಡುವಾಗ ಅದು ಹೊರುವ ಪೆಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಲೆಡ್ಜರಿನಲ್ಲಿ ಬರೆದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಹಗರಿಬೊಮ್ಮನಹಳ್ಳಿ ದಾಟಿ ಅಂಕಸಮುದ್ರದ ಕೆರೆ. ನೀರಿನ ನಡುವೆ ನಿಂತ ಜಾಲಿ ಮರಗಳ ತುಂಬ ಕೊಕ್ಕರೆಗಳು. 2024ರಲ್ಲಿ ಈ ಪಕ್ಷಿಧಾಮ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ಪ್ರದೇಶಗಳಲ್ಲಿ ಇದೂ ಒಂದು. ಎಂಜಿನ್ ದೂರದಲ್ಲೇ ನಿಲ್ಲಿಸಿ ನಡೆದು ಹೋದೆವು. ಹಕ್ಕಿಗಳಿಗೆ 452 ಸಿಸಿಯೂ ಒಂದೇ, 200 ಸಿಸಿಯೂ ಒಂದೇ.

ಅಲ್ಲಿಂದ ತುಂಗಭದ್ರಾ ಹಿನ್ನೀರಿನ ಕಡೆಗೆ ಒಂದು ಹೊಲದ ದಾರಿ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆ ಭೂಮಿ ಗೊತ್ತಲ್ಲ? ಒಣಗಿದಾಗ ಕಲ್ಲು, ನೆಂದಾಗ ಬೆಣ್ಣೆ ಬೆರೆಸಿದ ಅಂಟು. ಇಲ್ಲಿ ಗಾಡಿ ಬದಲಾಯಿಸೋಣ ಎಂದು ಮೊಮ್ಮಗಳು ದೊಡ್ಡದನ್ನು ಹತ್ತಿದಳು. ನನ್ನನ್ನು ಇಳಿಸಿ, “ನೀವು ಇಲ್ಲೇ ಇರ್ರಿ, ನಾನೊಬ್ಬಳೇ ಹೋಗಿ ಬರ್ತೀನಿ” ಎಂದು ಹೊರಟಳು. ನೂರು ಗಜ ಹೋಗುವಷ್ಟರಲ್ಲಿ ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಮಣ್ಣು ಗಟ್ಟಿಯಾಗಿ ತುಂಬಿ ಚಕ್ರ ತಿರುಗದಾಯಿತು. ಗಾಡಿ ನಿಂತಿತು. ಅವಳು ಕಾಲು ಊರಿದಳು. ಪಾದದ ತುದಿಗೆ ಸಿಕ್ಕದ್ದು ನೆಲವಲ್ಲ, ಜಾರುವ ಕೆಸರು. ಗಾಡಿ ನಿಧಾನವಾಗಿ, ಎಮ್ಮೆ ಮಲಗಿದ ಹಾಗೆ ಮಲಗಿತು. ಅವಳು ಜಿಗಿದು ಪಕ್ಕಕ್ಕೆ ನಿಂತಿದ್ದಳು. ಪೆಟ್ಟಾಗಲಿಲ್ಲ. ತಪ್ಪು ಗಾಡಿಯದೂ ಅಲ್ಲ, ಅವಳದೂ ಅಲ್ಲ. ಎರೆ ಮಣ್ಣಿನ ಗುಣವೇ ಹಾಗೆ.

ಓಡಿಹೋಗಲು ಹೊರಟ ಅಣ್ಣನನ್ನು ತಡೆದೆ. “ಇರು. ಒಬ್ಬಳೇ ಎತ್ತಲಿ, ನೋಡೋಣ.”

ಎತ್ತಿದಳು, ಆಗಲಿಲ್ಲ. ಮತ್ತೆ ಎತ್ತಿದಳು. ಮೂರನೆಯ ಸಲ ಕಾಲು ಜಾರಿ ಕೆಸರಿನಲ್ಲಿ ಕುಳಿತಳು. ಕಣ್ಣಲ್ಲಿ ನೀರು.

ಅಷ್ಟರಲ್ಲಿ ಹಿಂದಿನಿಂದ ಟಿವಿಎಸ್ ಎಕ್ಸ್‌ಎಲ್ ಸದ್ದು. ಮುಂದೆ ಹುಲ್ಲಿನ ಹೊರೆ, ಹಿಂದೆ ಹೆಂಡತಿ. ಎರಡೂ ಕಾಲು ಕೆಳಗೆ ಬಿಟ್ಟು, ದಾರಿ ಬಿಟ್ಟು ಹುಲ್ಲಿನ ಅಂಚು ಹಿಡಿದು ರೈತರೊಬ್ಬರು ಬಂದರು. ನಿಲ್ಲಿಸಿ, ಮಲಗಿದ ಗಾಡಿಯನ್ನು ತಲೆಯಿಂದ ಬಾಲದವರೆಗೆ ನೋಡಿದರು.

“ಎಷ್ಟು ತೂಕವ್ವಾ ಇದು?”

“ಇನ್ನೂರು ಕಿಲೋ.”

“ಅಂದ್ರ ಎರಡು ಕ್ವಿಂಟಲ್ ಮೆಕ್ಕೆಜೋಳ. ಒಬ್ಬಾಕಿ ಹೆಂಗ ಎತ್ತೀಯವ್ವಾ?” ಎಂದು ತಾವೇ ಕೈಹಾಕಿದರು. ಮೊಮ್ಮಗನೂ ಸೇರಿ ಎತ್ತಿದ. ಕಡ್ಡಿಯಿಂದ ಮಣ್ಣು ಕೆದರಿದೆವು. ಎಕ್ಸ್‌ಎಲ್ ಮತ್ತೆ ಟುರ್ರೆಂದು ಹೊರಟುಹೋಯಿತು.

ಆಗ ನಾನು ಬೇವಿನ ಮರದ ಕೆಳಗೆ ಕುಳಿತು, ಎಡಗಾಲಿನ ಪ್ಯಾಂಟು ಮಡಿಸಿ, ಮೀನಖಂಡದ ಮೇಲಿನ ಸುಟ್ಟ ಕಲೆ ತೋರಿಸಿದೆ. ಅದು ಬಿಸಿನೀರು ಚೆಲ್ಲಿ ಆದದ್ದೆಂದು ಮನೆಯವರೆಲ್ಲ ಇಷ್ಟು ವರ್ಷ ನಂಬಿದ್ದರು. ನಾನೇ ಹಾಗೆ ಹೇಳಿದ್ದೆ.

1984. ನನ್ನ ಬಳಿ ಯೆಜ್ಡಿ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1961ರಲ್ಲಿ ಅಲ್ಲಿ ಜಾವಾ ತಯಾರಿಕೆ ಶುರುವಾಯಿತು, 1973ರಲ್ಲಿ ಯೆಜ್ಡಿ ಎಂದು ಹೆಸರಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ಕರೂ ಅದೇ, ಗೇರೂ ಅದೇ, ಒಂದೇ ಕಡ್ಡಿ. ಎರಡು ಸೈಲೆನ್ಸರ್. 2022ರಲ್ಲಿ ಅದೇ ಹೆಸರಿನಲ್ಲಿ ಅಡ್ವೆಂಚರ್ ಬೈಕೇ ಬಂದಿದೆಯಂತೆ. ನಮ್ಮ ಕಾಲದಲ್ಲಿ ಆ ಪದ ಇರಲಿಲ್ಲ, ಆ ದಾರಿ ಮಾತ್ರ ಇತ್ತು. ಸಾಲ ವಸೂಲಿಗೆಂದು ಇದೇ ಹಿನ್ನೀರಿನ ಬದಿಯ ಹಳ್ಳಿಗೆ ಹೋಗಿ ಒಬ್ಬನೇ ಬರುತ್ತಿದ್ದೆ. ಇದೇ ಎರೆ ಮಣ್ಣು. ಗಾಡಿ ಮಲಗಿತು, ಕಾಲು ಕೆಳಗೆ ಸಿಕ್ಕಿತು, ಬಿಸಿ ಸೈಲೆನ್ಸರ್ ಕಾಲಿಗೆ. ಅದರ ತೂಕ ಸುಮಾರು 140 ಕಿಲೋ. ಕೆಳಗೆ ಮಲಗಿದವನಿಗೆ ಅದು ಗುಡ್ಡ. ಸಂಜೆ ಆರಕ್ಕೆ ಬಿದ್ದವನನ್ನು ಎಂಟೂವರೆಗೆ ಒಂದು ಎತ್ತಿನ ಬಂಡಿಯವರು ಬಂದು ಎತ್ತಿದರು. ಆ ಎರಡೂವರೆ ಗಂಟೆ ನನಗೆ ಸಾಯುವ ಭಯ ಇರಲಿಲ್ಲ. ಯಾರಿಗೂ ಗೊತ್ತಾಗದೆ ಹೀಗೆಯೇ ಬಿದ್ದಿರುತ್ತೇನೆ ಎಂಬ ಭಯ ಇತ್ತು.

“ಅದಕ್ಕೇ ಕೆಂಪು ಗೆರೆಯಾ ಅಜ್ಜ?” ಎಂದಳು.

“ಅದಕ್ಕೇ. ಬೀಳಬೇಡ ಅನ್ನೋದಿಲ್ಲ ಪುಟ್ಟಿ. ಈ ದಾರಿಯಲ್ಲಿ ಎಲ್ಲರೂ ಬೀಳ್ತಾರೆ. ಬಿದ್ದದ್ದನ್ನು ಒಬ್ಬಳೇ ಎತ್ತೋಕೆ ಆಗುವಂಥ ಗಾಡಿ ಕೊಳ್ಳು. ನನ್ನದು ಅದೊಂದೇ ಷರತ್ತು.”

ಅವಳು ಮಾತಾಡಲಿಲ್ಲ. ಅಣ್ಣನ ಗಾಡಿಯ ಕೀಲಿ ಅಣ್ಣನಿಗೆ ಕೊಟ್ಟಳು.

ರಾತ್ರಿ ಹಡಗಲಿಯಲ್ಲಿ ನನ್ನ ತಂಗಿಯ ಮನೆ. ಊರಿಗೆ ಹೂವಿನ ಹಡಗಲಿ ಎಂದು ಹೆಸರು. ಇಲ್ಲಿಯ ಹೂವು ತುಂಗಭದ್ರೆಯಲ್ಲಿ ತೇಲಿ ಹಂಪಿಯ ವಿರೂಪಾಕ್ಷನಿಗೆ ಹೋಗುತ್ತಿತ್ತೆಂದು ಕಥೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಈ ಕಾಲದಲ್ಲಿ ಹೂವು ಕಡಿಮೆ. ಆದರೂ ತಂಗಿ ಎಲ್ಲಿಂದಲೋ ಒಂದು ಮೊಳ ತಂದು ಮೊಮ್ಮಗಳ ಮುಡಿಗೆ ಇಟ್ಟಳು. ಹೆಲ್ಮೆಟ್ ಹಾಕುವಾಗ ಅದು ಬ್ಯಾಗಿಗೆ ಹೋಯಿತು.

ಬೆಳಿಗ್ಗೆ ಚಿಕ್ಕ ಗಾಡಿಯ ಹಿಂದಿನ ಚಕ್ರದಲ್ಲಿ ಗಾಳಿಯಿಲ್ಲ. ಜಾಲಿ ಮುಳ್ಳು. ಸ್ಪೋಕ್ ಚಕ್ರ, ಒಳಗೆ ಟ್ಯೂಬು. ಪಂಕ್ಚರ್ ಅಂಗಡಿಯವ ಚಕ್ರ ಬಿಚ್ಚಿ, ಟ್ಯೂಬು ಎಳೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಹುಡುಕಿ ತೇಪೆ ಹಾಕುವಷ್ಟರಲ್ಲಿ ನಲವತ್ತು ನಿಮಿಷ. ಟ್ಯೂಬ್‌ಲೆಸ್ ಆಗಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಆತ ಒಂದು ಮಾತು ಹೇಳಿದ. “ಸ್ಪೋಕ್ ಚಕ್ರ ಕಲ್ಲಿಗೆ ಬಡಿದು ಸೊಟ್ಟ ಆದರೂ ನಾನು ಇಲ್ಲೇ ತಿದ್ದಿ ಕೊಡ್ತೀನ್ರಿ. ಎರಕದ ಚಕ್ರ ಸೀಳಿದರೆ ಬೆಂಗಳೂರೇ ಗತಿ.” ದೂರ ಹೋಗುವವರು ಕೇಳಬೇಕಾದ ಪ್ರಶ್ನೆಯೂ ಇದೇ. ಕೆಟ್ಟರೆ ಹತ್ತಿರದ ಊರಿನಲ್ಲಿ ರಿಪೇರಿ ಆಗುತ್ತದೆಯೇ? ಮೊಮ್ಮಗಳು ಅಲ್ಲೇ ಕುಳಿತು ಟ್ಯೂಬು ಬಿಚ್ಚುವುದನ್ನು ಕಲಿತಳು.

ಮೈಲಾರಕ್ಕೆ ಹೋದೆವು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಇಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಒಂದು ವಾಕ್ಯದ ಕಾರ್ಣಿಕ ನುಡಿದು, ಅಲ್ಲಿಂದ ಬೀಳುತ್ತಾನೆ. ಕೆಳಗೆ ನಿಂತ ಭಕ್ತರು ಅವನನ್ನು ಹಿಡಿದುಕೊಳ್ಳುತ್ತಾರೆ. ಕಥೆ ಕೇಳಿದ ಮೊಮ್ಮಗಳು, “ಹಿಡಿಯೋರು ಇದ್ದರೆ ಬೀಳೋದಕ್ಕೂ ಭಯ ಇಲ್ಲ ಅಲ್ವಾ ಅಜ್ಜ” ಎಂದಳು. ನದಿಯ ದಂಡೆಯ ಮರಳಿನಲ್ಲಿ ಚಕ್ರದ ಗಾಳಿ ಸ್ವಲ್ಪ ಇಳಿಸಿ ಓಡಿಸಿ ನೋಡಿದರು. ಗಾಳಿ ಇಳಿಸಿದರೆ ಚಕ್ರ ಅಗಲವಾಗಿ ಕೂರುತ್ತದೆ, ಹೂತುಹೋಗುವುದು ಕಡಿಮೆ. ಡಾಂಬರಿಗೆ ಬಂದ ಮೇಲೆ ಮರೆಯದೆ ತುಂಬಿಸಬೇಕು. ಮರಳಿನಲ್ಲಿ ಚಿಕ್ಕದು ಎರಡು ಸಲ ಮಲಗಿತು. ಎರಡು ಸಲವೂ ಅವಳೇ ಎತ್ತಿದಳು, ಏದುಸಿರು ಬಿಟ್ಟುಕೊಂಡು.

ಹರಪನಹಳ್ಳಿ ಕಡೆಯ ಪರೀಕ್ಷೆ ನಾವು ಎಣಿಸದೆ ಇದ್ದದ್ದು. ತಿರುವು ದಾಟಿದರೆ ಅರ್ಧ ರಸ್ತೆಯ ತುಂಬ ಮೆಕ್ಕೆಜೋಳ! ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗೋಲಿಗಳ ಮೇಲೆ ಕಾಲಿಟ್ಟಂತೆ. 2019ರಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ಅದು ತಡೆಯುತ್ತದೆ. ಒಳ್ಳೆಯದೇ. ಆದರೆ ಕಾಳಿನ ಮೇಲೆ ಎಬಿಎಸ್‌ಗಿಂತ ಹೆಚ್ಚು ಕಾಪಾಡುವುದು ಮೊದಲೇ ವೇಗ ತಗ್ಗಿಸುವ ಬುದ್ಧಿ. ಕಣದ ಅಜ್ಜಿಯೊಬ್ಬಳು ನಮಗಾಗಿ ಪೊರಕೆಯಿಂದ ಒಂದು ಗೇಣು ದಾರಿ ಗುಡಿಸಿ ಕೊಟ್ಟಳು.

ಬಾಗಳಿಯ ಕಲ್ಲೇಶ್ವರ ದೇವಾಲಯದ ಕಂಬಗಳನ್ನು ನೋಡಿ, ಸಂಜೆಗೆ ಉಚ್ಚಂಗಿದುರ್ಗ. ಒಂದು ಕಾಲಕ್ಕೆ ಉಚ್ಚಂಗಿ ಪಾಂಡ್ಯರ ರಾಜಧಾನಿ. ಗಾಡಿಗಳನ್ನು ಕೆಳಗೆ ಬಿಟ್ಟು, ನಾನು ನಾಲ್ಕು ಕಡೆ ಕುಳಿತು ಮೆಟ್ಟಿಲು ಹತ್ತಿದೆ. ಉಚ್ಚೆಂಗೆಮ್ಮನಿಗೆ ಕೈಮುಗಿದು ಬಯಲು ನೋಡಿದರೆ, ಹಳದಿ ಕಾಳು ಒಣಹಾಕಿದ ರಸ್ತೆಗಳು ಅರಿಶಿನದ ಗೆರೆಗಳಂತೆ ಕಂಡವು.

“ಅಜ್ಜ, ಚಿಕ್ಕದೇ ಸಾಕು” ಎಂದಳು. ಅಣ್ಣ ಕೂಡಲೇ, “ನನ್ನದೂ ತಪ್ಪಲ್ಲ. ಹೆದ್ದಾರಿಯಲ್ಲಿ ಇಬ್ಬರು ಕೂತು ನಾನೂರು ಕಿಲೋಮೀಟರ್ ಹೋಗೋಕೆ ಇದೇ ಸರಿ” ಎಂದ. ಹೌದು, ಅವನ ದಾರಿಗೆ ಅದೇ ಸರಿ. ಹೆದ್ದಾರಿಯಲ್ಲಿ ಚಿಕ್ಕದು ದಣಿಯುತ್ತದೆ, ಅವಳು ಒಂದು ದಿನ ತಡವಾಗಿ ತಲುಪುತ್ತಾಳೆ. ತಲುಪಲಿ ಬಿಡಿ.

ಮನೆಗೆ ಬಂದ ಮೇಲೆ ಕೊನೆಯ ಪರೀಕ್ಷೆ. ಹಿತ್ತಲಲ್ಲಿ ಹುಲ್ಲು ಹಾಸಿ ಚಿಕ್ಕ ಗಾಡಿಯನ್ನು ಮಲಗಿಸಿದೆವು. ಎತ್ತುವುದಕ್ಕೂ ಒಂದು ಕ್ರಮವಿದೆ. ಎಂಜಿನ್ ಆರಿಸಬೇಕು. ಗಾಡಿ ಗೇರಿನಲ್ಲಿರಬೇಕು, ಇಲ್ಲದಿದ್ದರೆ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಬೇಕು. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಕಂಬಿಗೆ. ಸೊಂಟ ಬಗ್ಗಿಸದೆ, ತೊಡೆಯ ಬಲದಿಂದ, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡಬೇಕು. ಮೂರು ಸಲ ಮಲಗಿಸಿದೆವು, ಮೂರು ಸಲ ಎತ್ತಿದಳು. ಕಟ್ಟೆಯ ಮೇಲೆ ಕುಳಿತ ಅವಳ ಅಜ್ಜಿ ಎಣಿಸುತ್ತಿದ್ದಳು. ಮೂರನೆಯದು ಆದ ಮೇಲೆ ನನ್ನ ಕಡೆ ತಿರುಗಿ, “ಅದಿರಲಿ, ನಿಮ್ಮ ಕಾಲಿಗೆ ಬಿಸಿನೀರು ಯಾವ ಊರಲ್ಲಿ ಬಿದ್ದಿತ್ತು ಅಂದ್ರಿ?” ಎಂದು ಕೇಳಿದಳು. ಮೊಮ್ಮಕ್ಕಳು ಹೇಳಿಬಿಟ್ಟಿದ್ದರು. ಆ ರಾತ್ರಿ ನನಗೆ ಸಿಕ್ಕ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಚೆಕ್ಕಿಗೆ ಸಹಿ ಹಾಕಲು ಪೆನ್ನು ತಂದುಕೊಟ್ಟವಳೂ ಅವಳೇ.

ಮಕ್ಕಳೇ, ನಿಮಗೆ ಹದಿನೆಂಟು ತುಂಬಿ ಲೈಸೆನ್ಸ್ ಬರುವವರೆಗೆ ಸೈಕಲ್ಲಿನಲ್ಲಿ ನಿಮ್ಮ ಊರಿನ ಬಂಡಿ ಜಾಡುಗಳನ್ನೆಲ್ಲ ನೋಡಿಬಿಡಿ. ಬಿದ್ದರೆ ನೀವೇ ಏಳಿ, ಸೈಕಲ್ಲನ್ನೂ ನೀವೇ ಎತ್ತಿ. ಮನೆಯಲ್ಲಿ ಮಾತ್ರ ನಿಜ ಹೇಳಿ.

ಜುಲೈ ತಿಂಗಳ ಒಂದು ಸಂಜೆ ಲಡಾಖಿನಿಂದ ಫೋನು ಬಂತು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು.

“ಅಜ್ಜ, ತೊರೆ ದಾಟುವಾಗ ಬಿತ್ತು. ಸುತ್ತ ಒಬ್ಬರೂ ಇರಲಿಲ್ಲ. ನಾನೇ ಎತ್ತಿದೆ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಅವಳ ಅಜ್ಜಿ ಫೋನು ಕಿತ್ತುಕೊಂಡು, “ಬಟ್ಟೆ ಒದ್ದೆ ಆಗಿದ್ದರೆ ಮೊದಲು ಬದಲಾಯಿಸು. ಊಟ ಮಾಡಿದ್ಯಾ?” ಎಂದಳು.